ಉತ್ತರ ದಂಡೆಯ ಬಂಡೆಗಳ ನಡುವೆ ಒಂಟಿ ನಡಿಗೆ

ಹಂಪಿ ನೋಡಲು ಬರುವವರಲ್ಲಿ ಹೆಚ್ಚಿನವರು ವಿರೂಪಾಕ್ಷ ಗುಡಿ, ಕಲ್ಲಿನ ರಥ, ಕಮಲ ಮಹಲು ನೋಡಿಕೊಂಡು ಹೊಸಪೇಟೆಯ ಕಡೆ ಹಿಂತಿರುಗುತ್ತಾರೆ. ತುಂಗಭದ್ರೆಯ ದಡದಲ್ಲಿ ನಿಂತು ಆಚೆ ದಂಡೆಯ ಗುಡ್ಡಗಳನ್ನು ಒಮ್ಮೆ ನೋಡುತ್ತಾರೆ, ಅಷ್ಟೆ. ಆ ಆಚೆ ದಂಡೆಯೇ ಕೊಪ್ಪಳ ಜಿಲ್ಲೆ. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಹುಟ್ಟಿದ ಈ ಜಿಲ್ಲೆಯ ಗಂಗಾವತಿ ತಾಲ್ಲೂಕಿನಲ್ಲಿ, ಹುಲಿಗಿಯಿಂದ ಆನೆಗೊಂದಿಗೆ ಹೋಗುವ ರಸ್ತೆಯಲ್ಲಿ ಸಿಗುವ ಊರು ಸಾಣಾಪುರ. ಒಂದು ಕಡೆ ಭತ್ತದ ಗದ್ದೆ, ಬಾಳೆತೋಟ. ಇನ್ನೊಂದು ಕಡೆ ಕಣ್ಣು ಹಾಯುವವರೆಗೂ ಬಂಡೆಯ ಮೇಲೆ ಬಂಡೆ.

ಕಾರ್ತಿಕ ಕಳೆದು ಮಾರ್ಗಶಿರ ಕಾಲಿಡುವ ಹೊತ್ತಿಗೆ ಈ ಸೀಮೆಯ ಬಿಸಿಲು ಮೆತ್ತಗಾಗುತ್ತದೆ. ಬೇಸಿಗೆಯಲ್ಲಿ ಕಾದ ಹಂಚಿನಂತಿದ್ದ ಬಂಡೆಯ ಮೇಲೆ ಬರಿಗಾಲಿನಲ್ಲಿ ನಿಲ್ಲಬಹುದು. ಆಗ ಬೆನ್ನಿಗೊಂದು ಚೀಲ ಏರಿಸಿ, ಜೊತೆಗಾರರಿಲ್ಲದೆ, ಒಬ್ಬರೇ ಈ ಕಡೆ ಬರುವವರ ಸಂಖ್ಯೆ ಕಡಿಮೆಯೇನಲ್ಲ. ಕೆಲವರು ದೂರದ ದೇಶಗಳವರು. ಕೆಲವರು ಬೆಂಗಳೂರು, ಹುಬ್ಬಳ್ಳಿ, ಹೈದರಾಬಾದುಗಳ ಕಾಲೇಜು ಹುಡುಗ ಹುಡುಗಿಯರು. ಒಬ್ಬಂಟಿಯಾಗಿ ಹೊರಟವರಿಗೆ ಇಲ್ಲಿ ಏನು ಸಿಗುತ್ತದೆ? ಅವರು ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಹೆದರಬೇಕಾಗಿಲ್ಲ? ಮಕ್ಕಳನ್ನು ಕಳಿಸುವ ತಂದೆತಾಯಿಗಳೂ, ಹೊರಡಲು ಹಂಬಲಿಸುವ ಮಕ್ಕಳೂ ಒಟ್ಟಿಗೆ ಯೋಚಿಸಬೇಕಾದ ಪ್ರಶ್ನೆಗಳಿವು.

ಹಿಮವಿಲ್ಲದ ಉತ್ತರ

ಚಳಿಗಾಲದ ಆರಂಭದಲ್ಲಿ ಉತ್ತರದ ಕಾಡುಗಳಲ್ಲಿ ಒಂಟಿಯಾಗಿ ಅಲೆಯುವ ಕತೆಗಳು ಪಾಶ್ಚಾತ್ಯ ದೇಶಗಳಲ್ಲಿ ಬಹಳ. ಕೆನಡಾ, ಅಲಾಸ್ಕಾಗಳ ಆ ಕಾಡುಗಳಲ್ಲಿ ನವೆಂಬರ್ ಎಂದರೆ ನದಿ ಹೆಪ್ಪುಗಟ್ಟುವ ಕಾಲ. ಭೂಮಧ್ಯರೇಖೆಯಿಂದ 60 ಡಿಗ್ರಿ ಉತ್ತರದಲ್ಲಿ ಡಿಸೆಂಬರ್ 21ರ ಹಗಲು ಆರು ಗಂಟೆಗೂ ಕಡಿಮೆ. ಸಾಣಾಪುರ ಇರುವುದು ಸುಮಾರು 15 ಡಿಗ್ರಿ ಉತ್ತರದಲ್ಲಿ. ಇಲ್ಲಿ ಅದೇ ದಿನ ಹಗಲು ಹನ್ನೊಂದು ಗಂಟೆಗೂ ಮೀರಿ ಇರುತ್ತದೆ. ಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ ವಾಲಿದರೂ ದಿಗಂತದಿಂದ ಐವತ್ತು ಡಿಗ್ರಿಯಷ್ಟು ಮೇಲೇ ಇರುತ್ತಾನೆ. ಹಿಮವಿಲ್ಲ, ಹೆಪ್ಪುಗಟ್ಟುವ ನೀರಿಲ್ಲ. ಬೆಳಗಿನ ಜಾವಕ್ಕೆ ಒಂದು ಕಂಬಳಿ, ನಡುಹಗಲಿಗೆ ಒಂದು ಟೋಪಿ ಇದ್ದರೆ ಸಾಕು.

ಆದರೆ ಎರಡು ಸಂಗತಿಗಳಲ್ಲಿ ಈ ಉತ್ತರ ದಂಡೆ ಆ ಉತ್ತರದ ಕಾಡುಗಳಿಗೆ ಹತ್ತಿರದ ನೆಂಟ. ಇಲ್ಲಿಯೂ ಕರಡಿಯಿದೆ, ಇಲ್ಲಿಯೂ ತೋಳವಿದೆ. ಗಂಗಾವತಿ ತಾಲ್ಲೂಕಿನ ಬಂಕಾಪುರದ ಕುರುಚಲು ಕಾಡನ್ನು, ಸುಮಾರು 332 ಹೆಕ್ಟೇರ್ ಪ್ರದೇಶವನ್ನು, ತೋಳಧಾಮವೆಂದು ಘೋಷಿಸಲಾಗಿದೆ. ತೋಳಗಳಿಗೆಂದೇ ಮೀಸಲಾದ ಇಂಥ ತಾಣ ಕರ್ನಾಟಕದಲ್ಲಿ ಇದೇ ಮೊದಲನೆಯದು. ಝಾರ್ಖಂಡಿನ ಮಹುವಾಡಾಂಡದಲ್ಲಿ 1976ರಲ್ಲಿ ಆರಂಭವಾದ ಧಾಮ ಇದಕ್ಕೆ ಅಕ್ಕ. ಹೊಳೆಯ ಆಚೆ, ದಕ್ಷಿಣ ದಂಡೆಯಲ್ಲಿ, 1994ರಲ್ಲಿ ಘೋಷಣೆಯಾದ ದರೋಜಿ ಕರಡಿಧಾಮವಿದೆ. ಪ್ರಾಣಿಗಳಿಗೆ ಜಿಲ್ಲೆಯ ಗಡಿ ಗೊತ್ತಿಲ್ಲ. ಬಂಡೆಗಳ ಸಂದಿ ಎಲ್ಲಿದೆಯೋ ಅಲ್ಲೆಲ್ಲ ಅವುಗಳ ಮನೆ.

ಈ ಎರಡು ಉತ್ತರಗಳ ಕರಡಿಗಳ ನಡುವೆ ಒಂದು ದೊಡ್ಡ ವ್ಯತ್ಯಾಸವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಅಲ್ಲಿನ ಕಂದು ಕರಡಿ, ಕಪ್ಪು ಕರಡಿಗಳು ಚಳಿಗಾಲ ಬರುತ್ತಲೇ ಗುಹೆ ಸೇರಿ ದೀರ್ಘನಿದ್ರೆಗೆ ಹೋಗುತ್ತವೆ. ಅವು ಹಾಗೆ ಮಾಡುವುದಕ್ಕೆ ಮುಖ್ಯ ಕಾರಣ ಚಳಿಯಲ್ಲ, ಆಹಾರದ ಅಭಾವ. ಹಿಮ ಮುಚ್ಚಿದ ನೆಲದಲ್ಲಿ ತಿನ್ನಲು ಏನೂ ಸಿಗದ ತಿಂಗಳುಗಳನ್ನು ಮೈಯ ಕೊಬ್ಬಿನಲ್ಲಿ ಕಳೆಯುವ ಉಪಾಯ ಅದು. ನಮ್ಮ ಕರಡಿಗೆ ಗೆದ್ದಲು, ಇರುವೆ, ಜೇನು, ಹಣ್ಣುಗಳು ವರ್ಷವಿಡೀ ಸಿಗುತ್ತವೆ. ಆದ್ದರಿಂದ ಅದು ಮಲಗುವುದಿಲ್ಲ. ಚಳಿಗಾಲದಲ್ಲೂ ಎಚ್ಚರವಾಗಿರುತ್ತದೆ. ಅಷ್ಟೇ ಅಲ್ಲ, ಡಿಸೆಂಬರ್, ಜನವರಿಗಳು ತಾಯಿ ಕರಡಿ ಬಂಡೆಯ ಗವಿಯಲ್ಲಿ ಮರಿ ಹಾಕುವ ಕಾಲ. ಚಳಿಗಾಲದ ಪಯಣಿಗ ಮರೆಯಬಾರದ ಮಾತಿದು.

ಬಂಡೆಗಳನ್ನು ಪೇರಿಸಿದವರು ಯಾರು?

ಸಾಣಾಪುರದ ಗುಡ್ಡಗಳನ್ನು ಮೊದಲ ಸಲ ನೋಡಿದವರಿಗೆ ಯಾರೋ ದೈತ್ಯರು ಕಲ್ಲುಗುಂಡುಗಳನ್ನು ಆಡಿ ಬಿಸಾಕಿ ಹೋದಂತೆ ಕಾಣುತ್ತದೆ. ಊರವರು ಇದು ಕಿಷ್ಕಿಂಧೆ ಎನ್ನುತ್ತಾರೆ. ವಾಲಿ ಸುಗ್ರೀವರು ಕಾದಾಡುವಾಗ ಒಬ್ಬರ ಮೇಲೊಬ್ಬರು ಎಸೆದ ಬಂಡೆಗಳೇ ಇವು ಎಂಬ ಕತೆ ಇಲ್ಲಿ ಎಲ್ಲರ ಬಾಯಲ್ಲಿದೆ. ಕತೆ ಚೆಂದ. ನೆಲದ ಕತೆಯೂ ಅಷ್ಟೇ ಚೆಂದ.

ರಾಮನಗರದಿಂದ ಉತ್ತರಕ್ಕೆ ನೂರಾರು ಕಿಲೋಮೀಟರ್ ಹಬ್ಬಿರುವ ಗ್ರಾನೈಟಿನ ಪಟ್ಟಿಯೊಂದಿದೆ. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿದ್ದುದರಿಂದ ಭೂವಿಜ್ಞಾನಿಗಳು ಅದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ಈ ಸಾಲಿನ ಶಿಲೆಗಳ ವಯಸ್ಸು ಸುಮಾರು 250 ಕೋಟಿ ವರ್ಷ. ಭೂಮಿಯ ವಯಸ್ಸು 450 ಕೋಟಿ ವರ್ಷಕ್ಕೆ ಸ್ವಲ್ಪ ಹೆಚ್ಚು. ಎಂದರೆ ಭೂಮಿ ತನ್ನ ಇಂದಿನ ವಯಸ್ಸಿನ ಅರ್ಧವನ್ನೂ ತಲುಪದಿದ್ದಾಗ, ನೆಲದ ಆಳದಲ್ಲಿ ಕರಗಿದ ಶಿಲಾರಸ ನಿಧಾನವಾಗಿ ತಣಿದು ಆದ ಕಲ್ಲು ಇದು.

ಆಳದಲ್ಲಿದ್ದ ಈ ಕಲ್ಲು ಮೇಲಿನ ಪದರಗಳು ಸವೆದಂತೆ ಮೇಲಕ್ಕೆ ಬಂತು. ಒತ್ತಡ ಕಡಿಮೆಯಾದಾಗ ಉದ್ದಕ್ಕೂ ಅಡ್ಡಕ್ಕೂ ಬಿರುಕು ಬಿಟ್ಟಿತು. ಆ ಬಿರುಕುಗಳಲ್ಲಿ ಮಳೆಯ ನೀರು ಇಳಿಯಿತು. ಗ್ರಾನೈಟಿನಲ್ಲಿರುವ ಫೆಲ್ಡ್‌ಸ್ಪಾರ್ ಎಂಬ ಖನಿಜವನ್ನು ನೀರು ಮೆಲ್ಲಮೆಲ್ಲನೆ ಜೇಡಿಯಾಗಿಸುತ್ತದೆ. ಚೌಕನೆಯ ಕಲ್ಲಿನ ಮೂಲೆಗೆ ಮೂರು ಕಡೆಯಿಂದ, ಅಂಚಿಗೆ ಎರಡು ಕಡೆಯಿಂದ, ಮುಖಕ್ಕೆ ಒಂದೇ ಕಡೆಯಿಂದ ನೀರು ತಾಗುತ್ತದೆ. ಆದ್ದರಿಂದ ಮೂಲೆ ಮೊದಲು ಸವೆಯುತ್ತದೆ. ಅಚ್ಚುಬೆಲ್ಲವನ್ನು ನೀರಿನಲ್ಲಿಟ್ಟು ನೋಡಿ, ಅದೂ ಹೀಗೆಯೇ ಉಂಡೆಯಾಗುತ್ತದೆ. ಕೊನೆಗೆ ಸುತ್ತಲಿನ ಜೇಡಿಯನ್ನು ಮಳೆ ತೊಳೆದುಕೊಂಡು ಹೋದಾಗ ಉಂಡೆಗಳು ಮಾತ್ರ ಒಂದರ ಮೇಲೊಂದು ಉಳಿಯುತ್ತವೆ. ಇವನ್ನು ಯಾರೂ ಪೇರಿಸಲಿಲ್ಲ. ಇದ್ದ ಜಾಗದಲ್ಲೇ ಇದ್ದು, ನಡುವಿನದನ್ನು ಕಳೆದುಕೊಂಡು ಇವು ಬಂಡೆಗಳಾದವು.

ಈ ದುಂಡುಬಂಡೆಗಳು ಈಗ ಜಗತ್ತಿನ ಇನ್ನೊಂದು ಬಗೆಯ ಜನರನ್ನೂ ಸೆಳೆಯುತ್ತಿವೆ. ಹಗ್ಗವಿಲ್ಲದೆ, ಬರಿಗೈಯಲ್ಲಿ, ಎತ್ತರವಲ್ಲದ ಬಂಡೆಗಳನ್ನು ಏರುವ ಬೌಲ್ಡರಿಂಗ್ ಆಟಗಾರರು ಅವರು. ಅಮೆರಿಕದ ಕ್ರಿಸ್ ಶರ್ಮಾ ಇಲ್ಲಿನ ಬಂಡೆಗಳನ್ನು ಏರಿದ್ದನ್ನು ತೋರಿಸುವ ಚಿತ್ರ 2003ರಲ್ಲಿ ಬಂದ ಮೇಲೆ ಈ ಸೀಮೆಯ ಹೆಸರು ಆ ವಲಯದಲ್ಲಿ ದೊಡ್ಡದಾಯಿತು. ಅವರು ಬರುವುದೂ ಚಳಿಗಾಲದಲ್ಲೇ. ತಂಪಿನಲ್ಲಿ ಅಂಗೈ ಬೆವರುವುದಿಲ್ಲ, ಕಲ್ಲಿನ ಹಿಡಿತ ಜಾರುವುದಿಲ್ಲ.

ಕೆರೆಯ ಮೇಲೆ ಬೆಳಗಿನ ಹೊಗೆ

ಚಳಿಗಾಲದ ಬೆಳಗು ಸಾಣಾಪುರದ ಕೆರೆಯ ಬಳಿ ಆರಂಭವಾದರೆ ಒಳ್ಳೆಯದು. ಕೆರೆ ಎಂದು ಕರೆದರೂ ಇದು ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ತುಂಬುವ ಸಮತೋಲನ ಜಲಾಶಯ. ಸುತ್ತ ಬಂಡೆಗುಡ್ಡ, ನಡುವೆ ನೀಲಿ ನೀರು. ನಸುಕಿನಲ್ಲಿ ಈ ನೀರಿನ ಮೇಲಿಂದ ಹೊಗೆಯಂತೆ ಮಂಜು ಏಳುವುದುಂಟು. ನೀರು ಬಂಡೆಗಿಂತ ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ತಣಿಯುತ್ತದೆ. ಒಂದು ಕಿಲೋ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾದ ಶಾಖದಲ್ಲಿ ಸುಮಾರು ಐದು ಕಿಲೋ ಗ್ರಾನೈಟನ್ನು ಅಷ್ಟೇ ಬಿಸಿ ಮಾಡಬಹುದು. ರಾತ್ರಿಯಿಡೀ ಬಂಡೆ ತಣ್ಣಗಾಗಿ, ಅದರ ಮೇಲಿನ ಗಾಳಿಯೂ ತಣ್ಣಗಾಗಿ ತಗ್ಗಿಗೆ ಇಳಿಯುತ್ತದೆ. ಆಗ ಬೆಚ್ಚಗೇ ಉಳಿದ ನೀರಿನಿಂದ ಏಳುವ ಆವಿ ತಣ್ಣನೆಯ ಗಾಳಿಯನ್ನು ಮುಟ್ಟಿ ಸಣ್ಣ ಹನಿಗಳಾಗುತ್ತದೆ. ಶಾಲೆಯಲ್ಲಿ ವಿಶಿಷ್ಟೋಷ್ಣ ಎಂದು ಬಾಯಿಪಾಠ ಮಾಡಿದ್ದು ಇಲ್ಲಿ ಕಣ್ಣಿಗೆ ಕಾಣುತ್ತದೆ.

ಇದೇ ಹೊತ್ತಿನಲ್ಲಿ ಬಂಡೆಗಳ ಪೊದೆಗಳಲ್ಲಿ ಹಳದಿ ಕೊರಳಿನ ಪಿಕಳಾರದ ದನಿ ಕೇಳಿಸಬಹುದು. ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ ಅದು. ಕಲ್ಲು ಒಡೆದು ಗುಡ್ಡ ಬರಿದಾದರೆ ಅದಕ್ಕೆ ಹೋಗಲು ಇನ್ನೊಂದು ನೆಲೆಯಿಲ್ಲ. ಅದಕ್ಕೆ ವಿರುದ್ಧವಾಗಿ, ಪಟ್ಟೆತಲೆ ಹೆಬ್ಬಾತುಗಳು ಮಂಗೋಲಿಯಾ, ಟಿಬೆಟ್ಟುಗಳ ಹೆಪ್ಪುಗಟ್ಟುವ ಸರೋವರಗಳನ್ನು ಬಿಟ್ಟು, ಹಿಮಾಲಯ ದಾಟಿ ಗದಗ ಜಿಲ್ಲೆಯ ಮಾಗಡಿ ಕೆರೆಯಂಥ ನೆಲೆಗಳಿಗೆ ಬರುವುದೂ ಈ ತಿಂಗಳುಗಳಲ್ಲೇ. ಮಾಗಡಿ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಉತ್ತರದ ಚಳಿಗಾಲವನ್ನು ಕಣ್ಣಾರೆ ಕಂಡ ಅತಿಥಿಗಳೆಂದರೆ ಇವೇ.

ಕೆರೆಯಿಂದ ರಸ್ತೆಗೆ ಇಳಿದು ಆನೆಗೊಂದಿಯ ಕಡೆಗೆ ನಡೆದರೆ ಎಡಬಲ ಎರಡೂ ಕಡೆ ಕೊಯ್ಲಿಗೆ ಬಂದ ಭತ್ತ. ತುಂಗಭದ್ರಾ ಅಣೆಕಟ್ಟಿನಲ್ಲಿ 1953ರಲ್ಲಿ ನೀರು ನಿಂತ ಮೇಲೆ ಗಂಗಾವತಿಯ ಸೀಮೆ ಭತ್ತದ ಕಣಜವಾಯಿತು. ಅದಕ್ಕೂ ಮೊದಲೇ, ವಿಜಯನಗರದ ಅರಸರ ಕಾಲದಲ್ಲಿ, ನದಿಗೆ ಅಡ್ಡಲಾಗಿ ಕಲ್ಲಿನ ಒಡ್ಡು ಹಾಕಿ ತೆಗೆದ ಕಾಲುವೆಗಳು ಈ ದಂಡೆಯಲ್ಲಿ ಹರಿಯುತ್ತಿದ್ದವು. ಅವುಗಳಲ್ಲಿ ಹಲವು ಇಂದೂ ಗದ್ದೆಗೆ ನೀರು ಉಣಿಸುತ್ತಿವೆ. ಇದೇ ಜಿಲ್ಲೆಯ ಕುಷ್ಟಗಿ, ಯಲಬುರ್ಗಾಗಳಿಗೆ ಹೋದರೆ ನೋಟವೇ ಬೇರೆ. ಅಲ್ಲಿನ ಎರೆಹೊಲದಲ್ಲಿ ಹಿಂಗಾರಿನ ಬಿಳಿಜೋಳ ನೆಲದೊಳಗೆ ಉಳಿದ ತೇವವನ್ನೂ ಇಬ್ಬನಿಯನ್ನೂ ನಂಬಿ ನಿಂತಿರುತ್ತದೆ. ಎಳ್ಳಮವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುವ ಸಂಭ್ರಮ ಆ ಕಡೆ ಹೆಚ್ಚು.

ಹೊಳೆ, ತೆಪ್ಪ, ಹಳೆಯ ರಾಜಧಾನಿ

ಹನುಮನಹಳ್ಳಿ ದಾಟುತ್ತಲೇ ಅಂಜನಾದ್ರಿಯ ಬಿಳಿಯ ಗುಡಿ ಕಾಣುತ್ತದೆ. ಮೆಟ್ಟಿಲುಗಳು 575. ಮಾರ್ಗಶಿರದಲ್ಲಿ ಹನುಮಮಾಲೆ ಧರಿಸಿದ ಸಾವಿರಾರು ಜನ ಇಲ್ಲಿಗೆ ಬರುತ್ತಾರೆ. ಏಕಾಂತ ಬೇಕೆನ್ನುವವರು ಆ ದಿನಗಳನ್ನು ಬಿಟ್ಟು ಬರಬೇಕು. ಮೇಲೆ ನಿಂತು ನೋಡಿದರೆ ಹೊಳೆಯ ಎರಡೂ ದಂಡೆಗಳು ಒಂದೇ ಚಿತ್ರವಾಗಿ ಕಾಣುತ್ತವೆ. ಈ ದಡದ ಆನೆಗೊಂದಿ ಹಂಪಿಗಿಂತ ಹಳೆಯ ರಾಜಧಾನಿ. ಇಲ್ಲಿಂದ ದೂರವಲ್ಲದ ಕುಮ್ಮಟದುರ್ಗ, ದೆಹಲಿಯ ಸೈನ್ಯ 1327ರ ಸುಮಾರಿಗೆ ಕಂಪಿಲಿ ರಾಜ್ಯವನ್ನು ಮುರಿಯುವವರೆಗೆ, ಗಂಡುಗಲಿ ಕುಮಾರರಾಮನ ಕತೆಗಳ ನೆಲೆಯಾಗಿತ್ತು.

ಹೊಳೆಯಲ್ಲಿ ತೆಪ್ಪಗಳಿವೆ. ಬಿದಿರಿನ ಬುಟ್ಟಿಗೆ ಹೊರಗಡೆ ಹೊದಿಕೆ ಹಾಕಿದ ದುಂಡನೆಯ ದೋಣಿ ಅದು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪಯಣಿಗ ಡೊಮಿಂಗೊ ಪಾಯೆಸ್ ಇದೇ ದಾಟಿನಲ್ಲಿ ಬುಟ್ಟಿಯಂಥ ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಆಗ ಹೊದಿಕೆ ತೊಗಲಿನದು. ಕುದುರೆ, ಎತ್ತುಗಳನ್ನೂ ಅವುಗಳಲ್ಲಿ ದಾಟಿಸುತ್ತಿದ್ದರಂತೆ. ಐನೂರು ವರ್ಷಗಳಲ್ಲಿ ಹೊದಿಕೆ ಬದಲಾಯಿತು, ಆಕಾರ ಬದಲಾಗಲಿಲ್ಲ.

ಈ ಹೊಳೆಯಲ್ಲಿ ಇನ್ನೊಬ್ಬ ನಿವಾಸಿಯೂ ಇದೆ. ನೀರುನಾಯಿ. ಅಣೆಕಟ್ಟಿನ ಬಳಿಯ ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ಗುಂಪು ಕಟ್ಟಿಕೊಂಡು ಗದ್ದಲ ಮಾಡುವವರಿಗೆ ಅವು ಕಾಣುವುದಿಲ್ಲ. ದಡದ ಬಂಡೆಯ ನೆರಳಿನಲ್ಲಿ ಅರ್ಧ ತಾಸು ಸುಮ್ಮನೆ ಕುಳಿತ ಒಬ್ಬನಿಗೆ ಕಾಣುವ ಸಾಧ್ಯತೆ ಹೆಚ್ಚು. ಒಂಟಿಯಾಗಿ ಬರುವುದರ ಮೊದಲ ಲಾಭವೇ ಇದು. ಮಾತು ನಿಂತಾಗ ಕಣ್ಣು ಕಿವಿಗಳು ಕೆಲಸ ಆರಂಭಿಸುತ್ತವೆ.

ಮೋರೇರ ಮನೆಗಳು

ಎರಡನೆಯ ದಿನವನ್ನು ಹಿರೇಬೆಣಕಲ್ಲಿಗೆ ಮೀಸಲಿಡಬಹುದು. ಗಂಗಾವತಿಗೆ ಸಮೀಪದ ಈ ಊರಿನ ಗುಡ್ಡದ ಮೇಲೆ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಮುಚ್ಚಿ ಕಟ್ಟಿದ ನೂರಾರು ಶಿಲಾಸಮಾಧಿಗಳಿವೆ. ಕೆಲವು ಆಳೆತ್ತರ ಮೀರುತ್ತವೆ. ಕೆಲವುಗಳ ಗೋಡೆಯಲ್ಲಿ ದುಂಡನೆಯ ಕಂಡಿ. ಜನ ಇದನ್ನು ಮೋರೇರ ಗುಡ್ಡ ಎನ್ನುತ್ತಾರೆ. ಮೋರೇರು ಎಂಬ ಕುಳ್ಳರು ಕಟ್ಟಿಕೊಂಡ ಮನೆಗಳಿವು ಎಂಬುದು ನಂಬಿಕೆ. ಇವು ಕ್ರಿಸ್ತಪೂರ್ವ 800ರಿಂದ 200ರ ನಡುವಿನವು ಎಂದು ಪುರಾತತ್ವಜ್ಞರು ಹೇಳುತ್ತಾರೆ. ಅಶೋಕನ ಶಾಸನಗಳು ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳ ಬಂಡೆಗಳ ಮೇಲೆ ಮೂಡುವುದಕ್ಕೂ ಮೊದಲೇ ಈ ಕಲ್ಲುಮನೆಗಳು ಏಳತೊಡಗಿದ್ದವು. 1835ರಲ್ಲಿ ಫಿಲಿಪ್ ಮೆಡೋಸ್ ಟೇಲರ್ ಇವುಗಳನ್ನು ಗಮನಿಸಿದ್ದರು. 2021ರಲ್ಲಿ ಈ ತಾಣ ಯುನೆಸ್ಕೊದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು.

ಏರು ಸುಮಾರು ಒಂದು ತಾಸಿನದು. ದಾರಿ ಹಲವೆಡೆ ಬಂಡೆಗಳ ನಡುವೆ ಮರೆಯಾಗುತ್ತದೆ. ಊರಿನ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗುವುದೇ ಸರಿ. ಮೇಲೊಂದು ದೊಡ್ಡ ಗುಂಡುಕಲ್ಲು ಎತ್ತರದ ಬಂಡೆಯ ಮೇಲೆ ಕುಳಿತಿದೆ. ಕಲ್ಲಿನಿಂದ ಬಡಿದರೆ ನಗಾರಿಯಂತೆ ದೂರದವರೆಗೆ ನಾದ ಕೊಡುತ್ತದೆ. ಯಾರನ್ನು ಕರೆಯಲು, ಯಾವ ಎಚ್ಚರಿಕೆ ಕೊಡಲು ಅದನ್ನು ಬಾರಿಸುತ್ತಿದ್ದರೋ! ಗುಡ್ಡದಲ್ಲಿ ಒಬ್ಬನೇ ಇದ್ದವನಿಗೆ ಇನ್ನೊಬ್ಬರ ಕಿವಿಗೆ ತನ್ನ ಸುದ್ದಿ ಮುಟ್ಟಿಸುವ ಸಾಧನ ಬೇಕು ಎಂಬುದು ಆ ಕಾಲದವರಿಗೂ ಗೊತ್ತಿತ್ತೆಂದು ತೋರುತ್ತದೆ.

ಧ್ರುವ ನಕ್ಷತ್ರ ಒಂದೂವರೆ ಮುಷ್ಟಿ

ಡಿಸೆಂಬರಿನಲ್ಲಿ ಇಲ್ಲಿ ಸಂಜೆ ಆರಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಉಷ್ಣವಲಯದಲ್ಲಿ ಸೂರ್ಯ ನೆಟ್ಟಗೆ ಇಳಿಯುವುದರಿಂದ ಸಂಜೆಬೆಳಕು ಅರ್ಧ ತಾಸಿಗಿಂತ ಹೆಚ್ಚು ನಿಲ್ಲುವುದಿಲ್ಲ. ಉತ್ತರ ದೇಶಗಳ ದೀರ್ಘ ಸಂಜೆಯನ್ನು ನಂಬಿ ಬಂದ ವಿದೇಶಿಯರು ಇಲ್ಲಿ ಬಂಡೆಗಳ ನಡುವೆ ಕತ್ತಲಿಗೆ ಸಿಕ್ಕಿಬೀಳಬಹುದು.

ತಂಗಿದ ಮನೆಯ ಮಾಳಿಗೆಯ ಮೇಲೆ ನಿಂತು ಆಕಾಶ ನೋಡಿದರೆ ಪಂಚಾಂಗವೇ ತೆರೆದುಕೊಳ್ಳುತ್ತದೆ. ಹುಣ್ಣಿಮೆಯ ಚಂದ್ರ ಕೃತ್ತಿಕೆಯ ಬಳಿ ಇರುವ ತಿಂಗಳು ಕಾರ್ತಿಕ, ಮೃಗಶಿರೆಯ ಬಳಿ ಇರುವ ತಿಂಗಳು ಮಾರ್ಗಶಿರ. ಎರಡೂ ಈಗ ಮುಸ್ಸಂಜೆಯ ನಂತರ ಪೂರ್ವದಲ್ಲಿ ಕಾಣುತ್ತವೆ. ಡಿಸೆಂಬರ್ 13, 14ರ ರಾತ್ರಿಗಳಲ್ಲಿ ಮಿಥುನ ರಾಶಿಯ ಕಡೆಯಿಂದ ಉಲ್ಕೆಗಳು ಉದುರುತ್ತವೆ. ಉತ್ತರಕ್ಕೆ ತಿರುಗಿ ಕೈಚಾಚಿ ಮುಷ್ಟಿ ಹಿಡಿಯಿರಿ. ಒಂದು ಮುಷ್ಟಿಯ ಅಗಲ ಸುಮಾರು ಹತ್ತು ಡಿಗ್ರಿ. ದಿಗಂತದಿಂದ ಒಂದೂವರೆ ಮುಷ್ಟಿ ಮೇಲೆ ಧ್ರುವ ನಕ್ಷತ್ರವಿರುತ್ತದೆ. ಅದರ ಎತ್ತರವೇ ಊರಿನ ಅಕ್ಷಾಂಶ. 60 ಡಿಗ್ರಿ ಉತ್ತರದಲ್ಲಿ ನಿಂತವನಿಗೆ ಅದು ಆರು ಮುಷ್ಟಿ ಎತ್ತರದಲ್ಲಿ ಕಾಣುತ್ತದೆ. ತಾನು ಭೂಮಿಯ ಮೇಲೆ ಎಲ್ಲಿ ನಿಂತಿದ್ದೇನೆಂದು ತಿಳಿಯಲು ಒಬ್ಬನಿಗೆ ಒಂದು ಕೈ ಸಾಕು.

ಹೆದರಬೇಕಾದ್ದು ಯಾವುದಕ್ಕೆ?

ಕಾಡುಪ್ರಾಣಿಗಳ ಮಾತು ಮೊದಲು. 2020ರ ನವೆಂಬರಿನಲ್ಲಿ ಆನೆಗೊಂದಿಯ ದುರ್ಗಾದೇವಿ ಬೆಟ್ಟದ ಬಳಿ ಚಿರತೆಯ ದಾಳಿಗೆ ಯುವಕನೊಬ್ಬ ಬಲಿಯಾದ. ಆದರೆ ಚಿರತೆ, ತೋಳಗಳು ಸಾಮಾನ್ಯವಾಗಿ ಮನುಷ್ಯನ ವಾಸನೆ ಬಂದರೆ ದೂರ ಸರಿಯುತ್ತವೆ. ಕರಡಿ ಹಾಗಲ್ಲ. ಗೆದ್ದಲಿನ ಹುತ್ತದಲ್ಲಿ ಮೂತಿ ಇಟ್ಟಾಗ ಅದಕ್ಕೆ ಸುತ್ತಲಿನ ಗಮನ ಇರುವುದಿಲ್ಲ. ತಟ್ಟನೆ ಎದುರಾದವರ ಮೇಲೆ ಗಾಬರಿಯಿಂದ ಎರಗುತ್ತದೆ. ಆದ್ದರಿಂದ ಪೊದೆಗಳ ನಡುವೆ ನಡೆಯುವಾಗ ಕೋಲಿನಿಂದ ಸದ್ದು ಮಾಡುತ್ತ ಹೋಗಬೇಕು. ಗವಿಯೊಳಗೆ ಇಣುಕಬಾರದು. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಗುಡ್ಡ ಹತ್ತಬಾರದು. ಇಲ್ಲಿನ ಕುರಿಗಾಹಿಗಳು ತಲೆತಲಾಂತರದಿಂದ ಪಾಲಿಸಿದ ನಿಯಮಗಳಿವು.

ನೀರು ಕರಡಿಗಿಂತ ಅಪಾಯದ್ದು. ಹೊಳೆಯಲ್ಲಿ ಮೇಲೆ ಶಾಂತವಾಗಿ ಕಾಣುವ ನೀರಿನ ಅಡಿಯಲ್ಲಿ ಬಂಡೆಗಳ ಸುರಂಗಗಳಿವೆ, ಸುಳಿಗಳಿವೆ. ಕಾಲುವೆಯ ಗೋಡೆ ಇಳಿಜಾರು, ಪಾಚಿ ಹಿಡಿದದ್ದು. ಬಿದ್ದವನಿಗೆ ಹಿಡಿಯಲು ಆಸರೆಯಿಲ್ಲ. 2025ರ ಫೆಬ್ರವರಿಯಲ್ಲಿ ದೂರದ ಊರಿನಿಂದ ಬಂದಿದ್ದ ಯುವತಿಯೊಬ್ಬರು ಗೆಳೆಯರ ಎದುರೇ ಸಾಣಾಪುರದ ಬಳಿ ಬಂಡೆಯ ಮೇಲಿಂದ ಹೊಳೆಗೆ ಜಿಗಿದು ಕೊಚ್ಚಿಹೋದರು. ಅವರು ಒಂಟಿಯಾಗಿರಲಿಲ್ಲ. ಜೊತೆಗಾರರಿದ್ದೂ ಸೆಳವಿನಿಂದ ಉಳಿಸಲಾಗಲಿಲ್ಲ.

ಮೂರನೆಯದು ಹೇಳಲು ನೋವಾಗುವ ಮಾತು. 2025ರ ಮಾರ್ಚ್ 6ರ ರಾತ್ರಿ ಸಾಣಾಪುರದ ಬಳಿ ಕಾಲುವೆಯ ಪಕ್ಕ ನಕ್ಷತ್ರ ನೋಡುತ್ತ ಕುಳಿತಿದ್ದ ಐವರ ಮೇಲೆ ದುಷ್ಕರ್ಮಿಗಳು ಎರಗಿದರು. ಮೂವರು ಗಂಡಸರನ್ನು ಕಾಲುವೆಗೆ ತಳ್ಳಿದರು. ಅವರಲ್ಲಿ ಒಬ್ಬ ಉಳಿಯಲಿಲ್ಲ. ಇಬ್ಬರು ಮಹಿಳೆಯರ ಮೇಲೆ ಅತ್ಯಾಚಾರ ನಡೆಯಿತು. ಸುದ್ದಿ ದೇಶವಿದೇಶ ತಲುಪಿತು. ನದಿಯ ನಡುಗಡ್ಡೆ ವಿರೂಪಾಪುರ ಗಡ್ಡಿಯ ಅಕ್ರಮ ಕಟ್ಟಡಗಳನ್ನು ಸುಪ್ರೀಂ ಕೋರ್ಟಿನ ತೀರ್ಪಿನ ನಂತರ 2020ರಲ್ಲಿ ತೆರವು ಮಾಡಿದ ಮೇಲೆ ಪ್ರವಾಸಿಗರ ನೆಲೆ ಸಾಣಾಪುರ, ಆನೆಗೊಂದಿಗಳ ಕಡೆ ಸರಿದಿತ್ತು. ಅತಿಥಿಗಳನ್ನೇ ನಂಬಿ ಬದುಕುವ ಈ ಊರುಗಳಿಗೆ ಆ ರಾತ್ರಿ ಬಿದ್ದ ಪೆಟ್ಟು ಸಣ್ಣದಲ್ಲ. ತಪ್ಪು ನಕ್ಷತ್ರ ನೋಡಲು ಕುಳಿತವರದಲ್ಲ, ಎರಗಿದವರದು. ಆದರೂ ರಾತ್ರಿ, ನಿರ್ಜನ ದಂಡೆ, ಪಕ್ಕದಲ್ಲಿ ಆಳದ ನೀರು, ಈ ಮೂರೂ ಸೇರಿದ ಕಡೆ ಐವರಿದ್ದರೂ ಸಾಲದು ಎಂಬುದನ್ನು ಮರೆಯುವಂತಿಲ್ಲ.

ಒಬ್ಬರೇ ಹೋಗುವುದು ಅಪಾಯ, ಗುಂಪಾಗಿ ಹೋಗುವುದು ಕ್ಷೇಮ ಎಂಬ ಸರಳ ಲೆಕ್ಕ ಇಲ್ಲಿ ನಿಲ್ಲುವುದಿಲ್ಲ. ಗುಂಪಿನಲ್ಲಿದ್ದಾಗ ಹುರುಪು ಹೆಚ್ಚಿ ನೀರಿಗೆ ಜಿಗಿಯುವುದೂ ಉಂಟು. ಒಬ್ಬನೇ ಇದ್ದಾಗ ಕಾಲು ಉಳುಕಿದರೂ ಸುದ್ದಿ ಮುಟ್ಟದಿರುವುದೂ ಉಂಟು. ಎಷ್ಟು ಜನ ಎಂಬುದಕ್ಕಿಂತ ಯಾವ ಹೊತ್ತು, ಯಾವ ಜಾಗ, ಯಾರಿಗೆ ಹೇಳಿ ಹೋದರು ಎಂಬುದು ಮುಖ್ಯ.

ಹೇಳಿ ಹೋಗುವುದು

1992ರಲ್ಲಿ ಕ್ರಿಸ್ಟೋಫರ್ ಮೆಕ್‌ಕ್ಯಾಂಡ್ಲೆಸ್ ಎಂಬ 24 ವರ್ಷದ ಅಮೆರಿಕನ್ ತರುಣ ಅಲಾಸ್ಕಾದ ಕಾಡಿಗೆ ಒಬ್ಬನೇ ನಡೆದ. ಮನೆಯವರಿಗೆ ತಿಳಿಸಿರಲಿಲ್ಲ. ಸರಿಯಾದ ನಕ್ಷೆಯೂ ಅವನ ಬಳಿ ಇರಲಿಲ್ಲ. ಹಿಂತಿರುಗಬೇಕೆಂದಾಗ ಹೊಳೆ ಉಕ್ಕಿತ್ತು. ಹೊಳೆ ದಾಟುವ ತಂತಿತೊಟ್ಟಿಲೊಂದು ಹೆಚ್ಚು ದೂರವಲ್ಲದ ಜಾಗದಲ್ಲೇ ಇತ್ತೆಂಬುದು ಅವನಿಗೆ ಗೊತ್ತಿರಲಿಲ್ಲ. ಕಾಡಿನಲ್ಲಿ ಬಿಟ್ಟುಹೋಗಿದ್ದ ಹಳೆಯ ಬಸ್ಸಿನಲ್ಲಿ ಅವನು ಪ್ರಾಣ ಬಿಟ್ಟ. ಆ ಬಸ್ಸನ್ನು ನೋಡಲು ಹೋಗುವವರೂ ಅಪಾಯಕ್ಕೆ ಸಿಕ್ಕಿಕೊಳ್ಳತೊಡಗಿದಾಗ 2020ರಲ್ಲಿ ಅದನ್ನು ಹೆಲಿಕಾಪ್ಟರಿನಲ್ಲಿ ಎತ್ತಿ ಸಾಗಿಸಬೇಕಾಯಿತು. ಅವನ ಧೈರ್ಯಕ್ಕೆ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ಒಂದು ನಕ್ಷೆಗೆ, ಒಂದು ಚೀಟಿಗೆ.

ಸಾಣಾಪುರದ ದಾರಿಯಲ್ಲಿ ಚೀಟಿ ಬರೆಯದವನಿಗೂ ಒಂದು ಅನುಕೂಲವಿದೆ. ಇಲ್ಲಿ ಯಾರೂ ಯಾರನ್ನೂ ಮಾತಾಡಿಸದೆ ಬಿಡುವುದಿಲ್ಲ. ಕುರಿ ಕಾಯುವವರು, ಭತ್ತ ಕೊಯ್ಯುವ ಹೆಣ್ಣುಮಕ್ಕಳು, ತೆಪ್ಪದವರು ಎಲ್ಲರದೂ ಒಂದೇ ಪ್ರಶ್ನೆ: “ಯಾವೂರ್ರೀ? ಒಬ್ರ ಬಂದೀರೇನು?” ನಗರದವರಿಗೆ ಇದು ಅಧಿಕಪ್ರಸಂಗ ಅನ್ನಿಸಬಹುದು. ಪ್ರಶ್ನೆಯ ಹಿಂದೆಯೇ ಬರುವ “ನೀರಿಗೆ ಇಳೀಬ್ಯಾಡ್ರಿ”, “ಹೊತ್ತು ಮುಳುಗೋದ್ರಾಗ ಊರು ಸೇರ್ಕೋರಿ” ಎಂಬ ಮಾತುಗಳನ್ನು ಕೇಳಿಸಿಕೊಂಡವರಿಗೆ ಅದು ಕಾಳಜಿ ಎಂದು ತಿಳಿಯುತ್ತದೆ. ಉತ್ತರ ಹೇಳಿ ಮುಂದೆ ಹೋದವನನ್ನು ಒಂದು ಊರು ನೆನಪಿಟ್ಟುಕೊಂಡಿರುತ್ತದೆ. ಸಂಜೆ ಅವನು ಅದೇ ದಾರಿಯಲ್ಲಿ ಬರದಿದ್ದರೆ ಯಾರಾದರೂ ಒಬ್ಬರಾದರೂ ಗಮನಿಸುತ್ತಾರೆ.

ತಂದೆತಾಯಿಗಳು ಮಕ್ಕಳನ್ನು ತಡೆಯುವ ಬದಲು ತಯಾರು ಮಾಡುವುದು ಮೇಲು. ಶಾಲೆಯ ಹುಡುಗರು ಒಂಟಿಯಾಗಿ ಗುಡ್ಡ ಹತ್ತುವ ಮಾತೇ ಬೇಡ. ಅವರು ಹಿರಿಯರ ಜೊತೆ ಬಂದು, ಅರ್ಧ ತಾಸು ಒಂದೇ ಕಡೆ ಮಾತಿಲ್ಲದೆ ಕುಳಿತು ನೋಡುವುದನ್ನು ಕಲಿತರೆ ಸಾಕು. ಕಾಲೇಜಿಗೆ ಬಂದವರು ಹಗಲಿನಲ್ಲಿ ಊರಿಂದೂರಿಗೆ ರಸ್ತೆ ಹಿಡಿದು ನಡೆಯಬಹುದು. ಹೊರಡುವ ಮೊದಲು ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತಿಗೆ, ಎಲ್ಲಿ ತಂಗುವುದು ಎಂದು ಬರೆದು ಮನೆಯಲ್ಲಿ ಒಂದು ಪ್ರತಿ, ತಂಗುವ ಮನೆಯಲ್ಲಿ ಒಂದು ಪ್ರತಿ ಇಡಬೇಕು. ಮೊಬೈಲು ಇದ್ದರೂ ಬಂಡೆಗಳ ನಡುವೆ ಸಿಗ್ನಲ್ ಸಿಗದಿರಬಹುದು, ಚೀಟಿಗೆ ಆ ತೊಂದರೆಯಿಲ್ಲ. ಎರಡು ಲೀಟರ್ ನೀರು, ಟಾರ್ಚು, ಸೀಟಿ, ಒಂದು ಕೋಲು ಜೊತೆಗಿರಲಿ. ತುರ್ತಿಗೆ 112 ನೆನಪಿರಲಿ.

ಹೋಗುವುದು ಹೀಗೆ

ಹೊಸಪೇಟೆ ಮತ್ತು ಗಂಗಾವತಿ ಹತ್ತಿರದ ದೊಡ್ಡ ಊರುಗಳು. ಎರಡೂ ಕಡೆಗೆ ರೈಲು, ಬಸ್ಸುಗಳಿವೆ. ಗಂಗಾವತಿಯಿಂದ ಆನೆಗೊಂದಿಗೆ ಬಸ್ಸಿನಲ್ಲಿ ಬಂದು, ಅಲ್ಲಿಂದ ಹನುಮನಹಳ್ಳಿ ದಾರಿಯಾಗಿ ಸಾಣಾಪುರ ಸೇರಬಹುದು. ಹೊಸಪೇಟೆಯ ಕಡೆಯಿಂದ ಬರುವವರಿಗೆ ಹುಲಿಗಿಯ ದಾರಿಯಿದೆ. ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಒಳ್ಳೆಯದು. ತಂಗಲು ಪರವಾನಗಿ ಇರುವ ಮನೆಯನ್ನೇ ಆರಿಸಿ, ಬೆಳಿಗ್ಗೆ ಹೊರಡುವಾಗ ಅವರಿಗೆ ದಾರಿ ಹೇಳಿ ಹೊರಡಿ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಸಿಕ್ಕರೆ ಬಿಡಬೇಡಿ. ತಿಂದ ಪೊಟ್ಟಣ, ಕುಡಿದ ಬಾಟಲಿ ನಿಮ್ಮ ಚೀಲದಲ್ಲೇ ವಾಪಸು ಬರಲಿ. 250 ಕೋಟಿ ವರ್ಷ ಯಾರ ಕಸವೂ ಇಲ್ಲದೆ ಇದ್ದ ಬಂಡೆಗಳವು.